ಪದ ಪರಿಚಯ: ಎಬಿಸಿ ವಾಚ್

ಬೆಟ್ಟ ಹತ್ತುವವರ ಕೈಯಲ್ಲಿ ದಪ್ಪಗಿನ ಡಿಜಿಟಲ್ ವಾಚ್ ನೋಡಿರುತ್ತೀರಿ. ಪರದೆಯ ಸುತ್ತ ಕಂದು–ನೇರಳೆ ಬಣ್ಣದ ಸೋಲಾರ್ ಪಟ್ಟಿ, ಬಲಗಡೆ ದೊಡ್ಡ ದೊಡ್ಡ ಗುಂಡಿಗಳು. ಇಂಥದ್ದಕ್ಕೆ ಎಬಿಸಿ ವಾಚ್ ಅನ್ನುತ್ತಾರೆ. ಎ ಅಂದರೆ ಆಲ್ಟಿಮೀಟರ್, ಎತ್ತರ ತೋರಿಸುವುದು. ಬಿ ಅಂದರೆ ಬ್ಯಾರೋಮೀಟರ್, ಗಾಳಿಯ ಒತ್ತಡ ಅಳೆಯುವುದು. ಸಿ ಅಂದರೆ ಕಂಪಾಸ್, ದಿಕ್ಕು ಹೇಳುವುದು. ಜೊತೆಗೆ ಒಂದು ಥರ್ಮಾಮೀಟರೂ ಇರುತ್ತದೆ, ಅದರ ಹೆಸರು ಮಾತ್ರ ಯಾಕೋ ಬಿಟ್ಟುಹೋಗಿದೆ. ಜಪಾನಿನ ಕ್ಯಾಸಿಯೊದವರು ಇದನ್ನೇ ಟ್ರಿಪಲ್ ಸೆನ್ಸರ್ ಅನ್ನುತ್ತಾರೆ. ಅವರ ಪ್ರೋ ಟ್ರೆಕ್ ಸರಣಿ ಶುರುವಾಗಿದ್ದು 1995ರಲ್ಲಿ. ಫಿನ್‌ಲ್ಯಾಂಡಿನ ಸುಂಟೊ ಕಂಪನಿಯ ವೆಕ್ಟರ್ 1998ರಲ್ಲಿ ಬಂತು. ಇವತ್ತಿಗೂ ಇವೆರಡರ ಹೆಸರು ಹೇಳದೆ ಎಬಿಸಿ ವಾಚಿನ ಮಾತು ಮುಗಿಯುವುದಿಲ್ಲ.

ಕೊಂಡವರಲ್ಲಿ ಬಹಳ ಜನರಿಗೆ ಮೊದಲ ವಾರವೇ ಬೇಜಾರಾಗುತ್ತದೆ. ಟೇಬಲ್ ಮೇಲೆ ಇಟ್ಟ ವಾಚು ಬೆಳಿಗ್ಗೆ ಒಂದು ಎತ್ತರ ತೋರಿಸುತ್ತದೆ, ಸಂಜೆ ಇನ್ನೊಂದು. ಮನೆಯೇನು ಎದ್ದು ಓಡಾಡಿತಾ? ವಾಚು ಕೆಟ್ಟಿದೆ ಅಂತ ವಾಪಸ್ ಮಾಡುವವರೂ ಇದ್ದಾರೆ. ಅದು ಕೆಟ್ಟಿರುವುದಿಲ್ಲ. ಅದಕ್ಕೆ ಎತ್ತರ ಅನ್ನುವುದೇ ಗೊತ್ತಿಲ್ಲ, ಅಷ್ಟೇ. ಗೊತ್ತಿರುವುದು ಗಾಳಿಯ ಒತ್ತಡ ಮಾತ್ರ. ಎ ಮತ್ತು ಬಿ ಎರಡಕ್ಕೂ ಒಳಗಿರುವುದು ಒಂದೇ ಸೆನ್ಸರ್. ಬ್ಯಾರೋಮೀಟರ್ ಗುಂಡಿ ಒತ್ತಿದರೆ ಅಳೆದ ಒತ್ತಡವನ್ನು ಹಾಗೇ ತೋರಿಸುತ್ತದೆ. ಆಲ್ಟಿಮೀಟರ್ ಗುಂಡಿ ಒತ್ತಿದರೆ ಅದೇ ಒತ್ತಡವನ್ನು ಒಂದು ಲೆಕ್ಕಕ್ಕೆ ಹಾಕಿ ಮೀಟರ್ ಮಾಡಿ ತೋರಿಸುತ್ತದೆ.

ಲೆಕ್ಕ ಕಷ್ಟದ್ದಲ್ಲ. ಗೋದಾಮಿನಲ್ಲಿ ಅಕ್ಕಿ ಮೂಟೆ ಒಂದರ ಮೇಲೊಂದು ಪೇರಿಸಿದಾಗ ಕೆಳಗಿನ ಮೂಟೆಯ ಮೇಲೆ ಭಾರ ಜಾಸ್ತಿ, ಮೇಲಿನದರ ಮೇಲೆ ಕಡಿಮೆ. ಗಾಳಿಯೂ ಹಾಗೇ. ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಇದನ್ನು ಬೆಟ್ಟ ಹತ್ತಿ ತೋರಿಸಿದ್ದು ಫ್ರಾನ್ಸಿನಲ್ಲಿ, 1648ರ ಸೆಪ್ಟೆಂಬರ್‌ನಲ್ಲಿ. ವಿಜ್ಞಾನಿ ಬ್ಲೇಸ್ ಪಾಸ್ಕಲ್ ಹೇಳಿಕೊಟ್ಟ ಪ್ರಕಾರ ಅವನ ಭಾವ ಫ್ಲೋರಿನ್ ಪೆರಿಯೆ ಗಾಳಿಯ ಒತ್ತಡ ಅಳೆಯುವ ಪಾದರಸದ ಕೊಳವೆ ಹೊತ್ತು ಪ್ವಿ ದ ದೋಮ್ ಎಂಬ ಬೆಟ್ಟ ಹತ್ತಿದ. ತುದಿಗೆ ಹೋಗುವಷ್ಟರಲ್ಲಿ ಪಾದರಸ ಸುಮಾರು 8 ಸೆಂಟಿಮೀಟರ್ ಇಳಿದಿತ್ತು. ಐಡಿಯಾ ಪಾಸ್ಕಲನದು, ಬೆಟ್ಟ ಹತ್ತಿ ಬೆವರು ಸುರಿಸಿದ್ದು ಭಾವ. ವಾಚಿನ ಪರದೆಯಲ್ಲಿ ಕಾಣುವ ಹೆಕ್ಟೊಪಾಸ್ಕಲ್ ಎಂಬ ಅಳತೆಯಲ್ಲಿ ಉಳಿದ ಹೆಸರು ಮಾತ್ರ ಪಾಸ್ಕಲನದು.

ಸಮುದ್ರ ಮಟ್ಟದಲ್ಲಿ ಒತ್ತಡ 1013.25 ಹೆಕ್ಟೊಪಾಸ್ಕಲ್ ಇರುತ್ತದೆ, ಅಲ್ಲಿನ ಉಷ್ಣತೆ 15 ಡಿಗ್ರಿ, ಮೇಲೆ ಹೋದಂತೆ ಕಿಲೋಮೀಟರಿಗೆ 6.5 ಡಿಗ್ರಿ ಇಳಿಯುತ್ತದೆ ಎಂದು ವಾಚು ನಂಬಿಕೊಂಡಿರುತ್ತದೆ. ಕರಾವಳಿಯಲ್ಲಿ ಎಂಟೂವರೆ ಮೀಟರ್ ಹತ್ತಿದರೆ ಒತ್ತಡ ಹೆಚ್ಚುಕಡಿಮೆ ಒಂದು ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ಒತ್ತಡ 910ರ ಆಸುಪಾಸಿನಲ್ಲಿರುತ್ತದೆ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ 800ರ ಸುತ್ತಮುತ್ತ. ವಿಮಾನದಲ್ಲಿ ಕೂತು ಗುಂಡಿ ಒತ್ತಿದರೆ ಇನ್ನೂ ಮಜಾ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತಿದ್ದರೂ ವಾಚು ಎರಡು ಸಾವಿರ ಮೀಟರ್ ಚಿಲ್ಲರೆ ಅನ್ನುತ್ತದೆ. ಯಾಕೆಂದರೆ ಕ್ಯಾಬಿನ್ ಒಳಗೆ ತುಂಬಿರುವ ಗಾಳಿಯ ಒತ್ತಡ ಅಷ್ಟೇ ಎತ್ತರದ ಬೆಟ್ಟದ ಮೇಲಿನಂತೆ ಇರುತ್ತದೆ.

ಹಾಗಾಗಿ ಈ ವಾಚಿಗೆ ಆಗಾಗ ನಾವೇ ಎತ್ತರ ಹೇಳಿಕೊಡಬೇಕು. ಗೊತ್ತಿರುವ ಜಾಗದಲ್ಲಿ ನಿಂತು, ಸೆಟ್ಟಿಂಗ್‌ಗೆ ಹೋಗಿ, ಅಲ್ಲಿನ ಎತ್ತರ ಹಾಕಿ ಉಳಿಸಬೇಕು. ನಮ್ಮ ದೇಶದಲ್ಲಿ ಇದಕ್ಕೊಂದು ಅನುಕೂಲ ಇದೆ: ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡು. ಊರಿನ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದಲ್ಲ, ಅದೇ. ಎಬಿಸಿ ವಾಚ್ ಕಟ್ಟಿದವರು ಆ ಬೋರ್ಡನ್ನು ಓದದೆ ಬಿಡುವುದಿಲ್ಲ. ಸಕಲೇಶಪುರದಲ್ಲಿ ಸೆಟ್ ಮಾಡಿಕೊಂಡು ಸುಬ್ರಹ್ಮಣ್ಯ ರೋಡ್ ಕಡೆಗೆ ಘಾಟಿ ಇಳಿಯುವ ರೈಲಿನಲ್ಲಿ ಕೂತು ನೋಡಿ. ಕಿಟಕಿಯಾಚೆ ಸುರಂಗ, ಸೇತುವೆ, ಕಾಡು. ಕೈಯಲ್ಲಿ 900ರ ಹತ್ತಿರ ಇದ್ದ ಅಂಕಿ ಐದೈದು ಮೀಟರಿನಂತೆ ಇಳಿಯುತ್ತಾ ಹೋಗುತ್ತದೆ. ಹಳೆಯ ಮಾದರಿಗಳು ಹೀಗೆ ಐದರ ಹೆಜ್ಜೆಯಲ್ಲಿ ತೋರಿಸುತ್ತವೆ, ಹೊಸವು ಒಂದೊಂದು ಮೀಟರ್ ತೋರಿಸುತ್ತವೆ. ಒಂದೊಂದು ಮೀಟರ್ ತೋರಿಸಿದ ಮಾತ್ರಕ್ಕೆ ಅದು ಅಷ್ಟು ಸರಿ ಅಂತ ತಿಳಿಯಬೇಡಿ.

ಈಗ ಟೇಬಲ್ ಮೇಲಿನ ವಾಚಿನ ವಿಷಯಕ್ಕೆ ಬರೋಣ. ನಮ್ಮಂಥ ಉಷ್ಣವಲಯದ ಊರುಗಳಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ಏರು, ಸಂಜೆ ನಾಲ್ಕಕ್ಕೆ ಇಳಿತ. ಮತ್ತೆ ರಾತ್ರಿ ಹತ್ತಕ್ಕೆ ಏರು, ಬೆಳಗಿನ ಜಾವ ನಾಲ್ಕಕ್ಕೆ ಇಳಿತ. ಬಿಸಿಲಿಗೆ ಮೇಲಿನ ವಾತಾವರಣ ಕಾಯುವುದರಿಂದ ಏಳುವ ಅಲೆ ಇದು. ಹಗಲಿನ ಇಳಿತ ಮೂರು–ನಾಲ್ಕು ಹೆಕ್ಟೊಪಾಸ್ಕಲ್ ಇರುತ್ತದೆ. ಮೀಟರಿಗೆ ತಿರುಗಿಸಿದರೆ ಸುಮಾರು ಮೂವತ್ತು. ಅಂದರೆ ನೀವು ಕುರ್ಚಿ ಬಿಟ್ಟು ಏಳದಿದ್ದರೂ ಸಂಜೆ ಹೊತ್ತಿಗೆ ವಾಚಿನ ಪ್ರಕಾರ ಮೂವತ್ತು ಮೀಟರ್ ಮೇಲೆ ಹೋಗಿರುತ್ತೀರಿ!

ಜಪಾನ್, ಯುರೋಪಿನಲ್ಲಿ ಈ ಅಲೆ ಚಿಕ್ಕದು. ಅಲ್ಲಿ ಒತ್ತಡ ಏರಿಳಿದರೆ ಹೆಚ್ಚಾಗಿ ಹವೆ ಬದಲಾಗುತ್ತಿದೆ ಎಂದೇ ಅರ್ಥ. ಒತ್ತಡ ಇಳಿದರೆ ಮಳೆ, ಏರಿದರೆ ಬಿಸಿಲು ಅಂತ ವಾಚಿನ ಕೈಪಿಡಿಯಲ್ಲಿ ಬರೆದಿರುವುದು ಅಲ್ಲಿಯವರಿಗೆ ಸರಿ. ಅದನ್ನು ನಂಬಿ ನಮ್ಮಲ್ಲಿ ಕೂತರೆ ದಿನಾ ಮಧ್ಯಾಹ್ನ ಕೊಡೆ ಹಿಡಿಯಬೇಕಾಗುತ್ತದೆ. ನಮ್ಮಲ್ಲಿ ಮಾಡಬೇಕಾದ್ದು ಬೇರೆ. ಇವತ್ತು ಸಂಜೆ ನಾಲ್ಕರ ಒತ್ತಡವನ್ನು ನಿನ್ನೆ ಸಂಜೆ ನಾಲ್ಕರ ಒತ್ತಡದ ಜೊತೆ ಹೋಲಿಸಬೇಕು. ಕ್ಯಾಸಿಯೊ ವಾಚುಗಳು ಎರಡು ಗಂಟೆಗೊಮ್ಮೆ ತಾವೇ ಒತ್ತಡ ಅಳೆದು ಪರದೆಯಲ್ಲಿ ಚುಕ್ಕಿ ಇಡುತ್ತವೆ. ಆ ಚುಕ್ಕಿಗಳು ಒಂದು ಗುಡ್ಡ, ಒಂದು ತಗ್ಗು, ಮತ್ತೊಂದು ಗುಡ್ಡ ಹೀಗೆ ಕಂಡರೆ ಎಲ್ಲ ಮಾಮೂಲು. ಗುಡ್ಡವೇ ಕಾಣದೆ ಬರೀ ಇಳಿಯುತ್ತಾ ಹೋದರೆ ಯೋಚಿಸಬೇಕು. 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತ ಕರಾವಳಿಯ ಹತ್ತಿರ ಹಾದುಹೋಗುವಾಗ ಹೀಗಾಗುತ್ತದೆ. ಆದರೆ ಏಪ್ರಿಲ್‌ನ ಗುಡುಗು ಮಳೆಯನ್ನು ಇದರಿಂದ ಮೊದಲೇ ಹಿಡಿಯುವ ಆಸೆ ಇಟ್ಟುಕೊಳ್ಳಬೇಡಿ. ಅದಕ್ಕೆ ಆಕಾಶದ ಮೋಡ ನೋಡುವುದೇ ವಾಸಿ.

ಇದೇ ಅಲೆ ಟೆಂಟಿನಲ್ಲಿ ಮಲಗುವವರನ್ನೂ ಕಾಡುತ್ತದೆ. ರಾತ್ರಿ ಹತ್ತಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಹತ್ತಿಪ್ಪತ್ತು ಮೀಟರ್ ಎತ್ತರ ಸುಮ್ನೆ ಸೇರಿಕೊಂಡಿರುತ್ತದೆ. ಹೊರಡುವ ಮೊದಲು ನಿನ್ನೆಯ ಅಂಕಿಗೆ ತಿದ್ದಿಕೊಂಡರೆ ಆಯಿತು.

ಇನ್ನೊಂದು ವ್ಯತ್ಯಾಸವೂ ಇದೆ. ವಾಚು ನಂಬಿರುವ 15 ಡಿಗ್ರಿಯ ಗಾಳಿ ನಮ್ಮ ಕರಾವಳಿಯಲ್ಲಿ ಎಲ್ಲಿದೆ? ಬಿಸಿ ಗಾಳಿ ಹಿಗ್ಗಿರುತ್ತದೆ. ಅದೇ ಎತ್ತರ ಏರಿದರೂ ಒತ್ತಡ ಕಡಿಮೆ ಇಳಿಯುತ್ತದೆ. ಕುಕ್ಕೆಯಲ್ಲಿ ಸೆಟ್ ಮಾಡಿಕೊಂಡು 1712 ಮೀಟರಿನ ಕುಮಾರ ಪರ್ವತ ಹತ್ತಿದರೆ ತುದಿಯಲ್ಲಿ ವಾಚು ಅರವತ್ತು–ಎಂಬತ್ತು ಮೀಟರ್ ಕಡಿಮೆ ತೋರಿಸಬಹುದು. ಇಷ್ಟು ಕಷ್ಟಪಟ್ಟು ಹತ್ತಿ ಎಂಬತ್ತು ಮೀಟರ್ ಕಳೆದುಕೊಳ್ಳುವುದು ಯಾರಿಗೆ ಇಷ್ಟ ಅಲ್ವಾ? ಮಧ್ಯದಲ್ಲಿ ಎತ್ತರ ಗೊತ್ತಿರುವ ಜಾಗ ಸಿಕ್ಕರೆ ಅಲ್ಲೊಮ್ಮೆ ತಿದ್ದಿಕೊಳ್ಳಿ.

ಕಂಪಾಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾಚನ್ನು ಮಟ್ಟಸವಾಗಿ ಹಿಡಿದರೆ ಉತ್ತರ ತೋರಿಸುತ್ತದೆ. ನಮ್ಮ ಕಡೆ ಕಂಪಾಸ್ ತೋರಿಸುವ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದೆರಡು ಡಿಗ್ರಿಯಷ್ಟೇ ವ್ಯತ್ಯಾಸ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೈಕಿನ ಟ್ಯಾಂಕ್ ಹತ್ತಿರ, ಕಬ್ಬಿಣದ ಗೇಟಿನ ಪಕ್ಕ, ಸ್ಪೀಕರ್ ಮುಂದೆ ನೋಡಬೇಡಿ. ಕುದುರೆಮುಖದಂಥ ಕಡೆ ನೆಲದಲ್ಲೇ ಮ್ಯಾಗ್ನೆಟೈಟ್ ಅದಿರು ಇದೆ, ಅಲ್ಲಿ ಒಂದೇ ಜಾಗದ ಓದನ್ನು ನೆಚ್ಚಿಕೊಳ್ಳದೆ ನಾಲ್ಕು ಹೆಜ್ಜೆ ಸರಿದು ಮತ್ತೆ ನೋಡುವುದು ಒಳ್ಳೆಯದು. ಥರ್ಮಾಮೀಟರ್ ಕತೆ ಇನ್ನೂ ಚಿಕ್ಕದು. ಕೈಯಲ್ಲಿ ಕಟ್ಟಿಕೊಂಡಿದ್ದರೆ ಅದು ನಿಮ್ಮ ಮೈಬಿಸಿಯನ್ನೂ ಸೇರಿಸಿ ಹೇಳುತ್ತದೆ. ಬಿಚ್ಚಿ ನೆರಳಿನಲ್ಲಿ ಇಪ್ಪತ್ತು–ಮೂವತ್ತು ನಿಮಿಷ ತೂಗುಹಾಕಿ ಆಮೇಲೆ ನೋಡಬೇಕು.

ಸೋಲಾರ್ ಪಟ್ಟಿ ಇರುವ ವಾಚಿನಲ್ಲಿ ಇಷ್ಟೆಲ್ಲ ಕೆಲಸಕ್ಕೆ ಕರೆಂಟು ಎಲ್ಲಿಂದ? ಬಿಸಿಲಿನಿಂದ. ಪರದೆಯ ಸುತ್ತಲಿನ ಪಟ್ಟಿ ಬೆಳಕನ್ನು ವಿದ್ಯುತ್ ಮಾಡುತ್ತದೆ, ಒಳಗಿರುವ ಗುಂಡಗಿನ ಪುಟ್ಟ ರೀಚಾರ್ಜ್ ಬ್ಯಾಟರಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಈಗ ಸೋಲಾರ್ ಅಂತ ಬರುವ ಜಿಪಿಎಸ್ ಸ್ಮಾರ್ಟ್‌ವಾಚುಗಳಲ್ಲಿ ಬಿಸಿಲು ಸಾಮಾನ್ಯವಾಗಿ ಚಾರ್ಜನ್ನು ಇನ್ನಷ್ಟು ದಿನ ಎಳೆಯುತ್ತದೆ. ಇಲ್ಲಿ ಹಾಗಲ್ಲ, ಬಿಸಿಲೇ ಪೂರ್ತಿ ಊಟ. ಚಾರ್ಜರ್ ಹಾಕಲು ತೂತೇ ಇರುವುದಿಲ್ಲ. ಒಂದು ದಿನದ ಖರ್ಚಿಗೆ ನೇರ ಬಿಸಿಲಾದರೆ ಐದರಿಂದ ಎಂಟು ನಿಮಿಷ ಸಾಕು. ಕಿಟಕಿ ಪಕ್ಕ ಅರ್ಧ ಗಂಟೆ ಬೇಕು. ಆಫೀಸಿನ ಟ್ಯೂಬ್‌ಲೈಟ್ ಕೆಳಗಾದರೆ ಎಂಟು ಗಂಟೆ! ಮಲೆನಾಡಿನ ಜುಲೈ ತಿಂಗಳಲ್ಲೂ ವಾಚು ಸಾಯುವುದಿಲ್ಲ, ಮೋಡದ ಬೆಳಕೇ ಬೇಕಾದಷ್ಟಿರುತ್ತದೆ. ಅದನ್ನು ಬಳಲಿಸುವುದು ತುಂಬು ತೋಳಿನ ಅಂಗಿ ಮತ್ತು ಮೇಜಿನ ಡ್ರಾಯರ್.

ಕ್ಯಾಸಿಯೊದ ಸೋಲಾರ್ ವಾಚುಗಳಲ್ಲಿ ಪರದೆಯ ಮೂಲೆಯಲ್ಲಿ ಎಚ್, ಎಂ, ಎಲ್ ಅಂತ ಮೂರು ಅಕ್ಷರ ಇರುತ್ತವೆ. ಎಚ್ ಇದ್ದರೆ ಹೊಟ್ಟೆ ತುಂಬಿದೆ, ಎಲ್ ಬಂದರೆ ಹಸಿವು. ಕತ್ತಲಲ್ಲಿ ದೀಪದ ಗುಂಡಿ ಪದೇಪದೇ ಒತ್ತಿ, ಜೊತೆಗೆ ಕಂಪಾಸನ್ನೂ ಓಡಿಸಿದರೆ ಇದ್ದಕ್ಕಿದ್ದಂತೆ ಆರ್ ಅನ್ನುವ ಅಕ್ಷರ ಮಿನುಗಿ ದೀಪವೂ ಇಲ್ಲ, ಸೆನ್ಸರೂ ಇಲ್ಲ ಆಗುತ್ತದೆ. ಗಾಬರಿ ಬೇಡ. ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸುಧಾರಿಸಿಕೊಳ್ಳುತ್ತದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ನಡುವೆ ಒಂದು ಗಂಟೆ ಕತ್ತಲಲ್ಲಿ ಬಿದ್ದಿದ್ದರೆ ಪರದೆ ಖಾಲಿಯಾಗುತ್ತದೆ. ಅದೂ ನಿದ್ದೆಯೇ, ಯಾವುದಾದರೂ ಗುಂಡಿ ಒತ್ತಿದರೆ ಏಳುತ್ತದೆ. ಚಾರ್ಜ್ ಆಗಲಿ ಅಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ, ಮುಚ್ಚಿದ ಕಾರಿನ ಬಿಸಿ ಬ್ಯಾಟರಿಗೂ ಪರದೆಗೂ ಆಗಿಬರುವುದಿಲ್ಲ.

ವಾಚಿನ ಪಕ್ಕದಲ್ಲಿ ಸಣ್ಣ ತೂತುಗಳಿರುವ ಒಂದು ಮುಚ್ಚಳ ಇರುತ್ತದೆ. ಒತ್ತಡದ ಸೆನ್ಸರ್ ಉಸಿರಾಡುವುದು ಅಲ್ಲಿಂದಲೇ. ಕೆಮ್ಮಣ್ಣಿನ ದಾರಿಯಲ್ಲಿ ಬಿದ್ದೆದ್ದು ಬಂದ ಮೇಲೆ ಅಲ್ಲಿ ಕೆಸರು ಮೆತ್ತಿಕೊಂಡಿರುತ್ತದೆ. ನಲ್ಲಿ ನೀರಿನಲ್ಲಿ ತೊಳೆಯಿರಿ. ಪಿನ್ನು, ಸೂಜಿ ಹಾಕಿ ಕೆದಕಬೇಡಿ.

ಕೊಳ್ಳುವಾಗ ಒಂದು ವಿಷಯ ಗಮನಿಸಿ. ಕೆಲವು ದುಬಾರಿ ಮಾದರಿಗಳಲ್ಲಿ ಮಲ್ಟಿಬ್ಯಾಂಡ್ 6 ಅಂತ ಬರೆದಿರುತ್ತದೆ. ಅಂದರೆ ರಾತ್ರಿ ಹೊತ್ತು ರೇಡಿಯೊ ಸಿಗ್ನಲ್ ಹಿಡಿದು ತಾನೇ ಟೈಮ್ ಸರಿಮಾಡಿಕೊಳ್ಳುತ್ತದೆ. ಆ ಸಿಗ್ನಲ್ ಕಳಿಸುವ ಆರು ಕೇಂದ್ರಗಳಲ್ಲಿ ಎರಡು ಜಪಾನಿನಲ್ಲಿವೆ, ಅಮೆರಿಕ, ಇಂಗ್ಲೆಂಡ್, ಜರ್ಮನಿ, ಚೀನಾದಲ್ಲಿ ಒಂದೊಂದು. ಭಾರತದಲ್ಲಿ ಇಲ್ಲ, ಚೀನಾದ್ದು ಕರ್ನಾಟಕದವರೆಗೆ ತಲುಪುವಷ್ಟು ಹತ್ತಿರವೂ ಅಲ್ಲ. ಫ್ರಾಂಕ್‌ಫರ್ಟ್‌ನಲ್ಲೋ ಡೆನ್ವರ್‌ನಲ್ಲೋ ಇರುವ ಕನ್ನಡಿಗರು ಆ ದುಡ್ಡು ಕೊಡಬಹುದು. ಇಲ್ಲಿಯವರು ಅದಿಲ್ಲದ ಮಾದರಿ ತೆಗೆದುಕೊಂಡು, ತಿಂಗಳಿಗೊಮ್ಮೆ ಫೋನ್ ನೋಡಿ ಹತ್ತು–ಹದಿನೈದು ಸೆಕೆಂಡು ತಿದ್ದಿಕೊಂಡರೆ ಸಾಕು.