‘ಪಿಕಪ್’ ಒಂದು ಪದ ಅಲ್ಲ

ಬಳ್ಳಾರಿಯಲ್ಲಿ ಇಂಗ್ಲಿಷ್ ಕಲಿಯಲು ಬರುವ ಎಲ್ಲರಿಗೂ ‘ಪಿಕಪ್’ ಮೊದಲೇ ಗೊತ್ತಿರುತ್ತೆ. ಗಾಡಿಗೆ ಪಿಕಪ್ ಇಲ್ಲ ಅಂತಾರೆ, ಸ್ಟೇಷನ್ನಿಗೆ ಬಂದು ಪಿಕಪ್ ಮಾಡು ಅಂತಾರೆ. ತೊಂದರೆ ಶುರುವಾಗೋದೇ ಅಲ್ಲಿಂದ. ನಮ್ಮ ಬಾಯಲ್ಲಿ ಅದು ಒಂದೇ ಮುದ್ದೆಯಾಗಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ಬಂದಾಗ ‘ಪಿಕ್’ ಬೇರೆ, ‘ಅಪ್’ ಬೇರೆ.

ತೋರಣಗಲ್ಲಿನಲ್ಲಿ ಕೆಲಸದ ಸಂದರ್ಶನಕ್ಕೆ ತಯಾರಾಗುತ್ತಿದ್ದ ಹುಡುಗನೊಬ್ಬ ‘ಮೈ ಅಂಕಲ್ ಪಿಕಪ್ಡ್ ಮಿ’ ಅಂದ. ಜಾಣ ಹುಡುಗ, ಡಿಪ್ಲೊಮಾದಲ್ಲಿ ಒಳ್ಳೆ ಅಂಕ ಬೇರೆ. ‘ಪಿಕ್ಡ್ ಮಿ ಅಪ್ ಅನ್ನಬೇಕಪ್ಪಾ’ ಅಂದೆ. ‘ಮಿ ನಡುವೆ ಯಾಕೆ ಬಂತು ಮೇಡಂ?’ ಅಂತ ಕೇಳಿದ. ಹೀಗೆ ಕೇಳುವವರನ್ನು ಕಂಡರೆ ನನಗೆ ತುಂಬಾ ಇಷ್ಟ.

‘ಪಿಕ್ ಅಪ್ ದ ಬ್ಯಾಗ್’ ಸರಿ. ‘ಪಿಕ್ ದ ಬ್ಯಾಗ್ ಅಪ್’ ಕೂಡ ಸರಿ. ಆದರೆ ಬ್ಯಾಗ್ ಬಿಟ್ಟು ‘ಇಟ್’ ಅಂದಿರೋ, ಅದು ನಡುವೆಯೇ ಕೂರಬೇಕು: ‘ಪಿಕ್ ಇಟ್ ಅಪ್’. ಮಿ, ಹಿಮ್, ಹರ್, ದೆಮ್ ಎಲ್ಲಕ್ಕೂ ಇದೇ ಜಾಗ. ‘ಪಿಕ್ ಅಪ್ ಇಟ್’ ಅನ್ನುವ ಹಾಗೇ ಇಲ್ಲ. ನಡೆದುಹೋದ ಮಾತಾದರೆ ‘ಡ್’ ಹತ್ತುವುದು ‘ಪಿಕ್’ಗೆ, ‘ಅಪ್’ಗೆ ಅಲ್ಲ. ಇದನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದರೂ ಮರುದಿನ ಮತ್ತೆ ‘ಪಿಕಪ್ಡ್’!

ಇನ್ನು ಕೆಲವರು ‘ಅಪ್’ ಅನ್ನೇ ನುಂಗಿಬಿಡ್ತಾರೆ. ‘ಹಿ ಈಸ್ ನಾಟ್ ಪಿಕಿಂಗ್ ಮೈ ಕಾಲ್’ ಅಂದರೆ ನಮ್ಮವರಿಗೆ ಅರ್ಥವಾಗುತ್ತೆ, ತಪ್ಪು ಅಂತ ಜಗಳ ಆಡಲ್ಲ. ಆದರೆ ಬರೀ ‘ಪಿಕ್’ ಅಂದರೆ ಸಾಮಾನ್ಯವಾಗಿ ಆರಿಸುವುದು, ಕೀಳುವುದು. ಹೊರದೇಶದವರ ಜೊತೆ ಮಾತಾಡುವಾಗ ‘ಹಿ ಈಸಂಟ್ ಪಿಕಿಂಗ್ ಅಪ್’ ಅನ್ನಿ. ಸಾಕು.

ಯಾರೂ ಕೂರಿಸಿ ಕಲಿಸದೆ ಕಿವಿಗೆ ಬಿದ್ದೇ ಕಲಿಯುತ್ತೀವಲ್ಲ, ಅದೂ ‘ಪಿಕ್ ಅಪ್’. ಕೌಲ್ ಬಜಾರಿನ ಮಕ್ಕಳು ಕನ್ನಡ, ತೆಲುಗು, ಉರ್ದು ಮೂರನ್ನೂ ಬೀದಿಯಲ್ಲಿ ಆಡುತ್ತಲೇ ಕಲಿತುಬಿಡ್ತಾರೆ. ಹಂಪಿಯ ಆಟೋದವರ ಇಂಗ್ಲಿಷ್ ಕೇಳಿದ್ದೀರಲ್ವಾ? ಪ್ರವಾಸಿಗರ ಜೊತೆ ಮಾತಾಡಿ ಮಾತಾಡಿ ಬಂದದ್ದು. ‘ದೆ ಪಿಕ್ಡ್ ಇಟ್ ಅಪ್’. ಟ್ಯೂಷನ್ನಿಗೆ ದುಡ್ಡು ಕಟ್ಟಿ ಕಲಿತದ್ದಕ್ಕೆ ಮಾತ್ರ ಇದನ್ನು ಹೇಳಬೇಡಿ.

ಮಂಕಾಗಿದ್ದ ಜೀನ್ಸ್ ವ್ಯಾಪಾರ ಚೇತರಿಸಿಕೊಂಡರೆ ‘ಬಿಸಿನೆಸ್ ಹ್ಯಾಸ್ ಪಿಕ್ಡ್ ಅಪ್’. ಇಲ್ಲಿ ಯಾರನ್ನೂ, ಏನನ್ನೂ ಎತ್ತುವ ಮಾತಿಲ್ಲ, ಹಾಗಾಗಿ ನಡುವೆ ಏನೂ ಬರಲ್ಲ.

ಪೊಲೀಸರು ‘ಪಿಕ್ಡ್ ಹಿಮ್ ಅಪ್’ ಅಂತ ಪೇಪರಿನಲ್ಲಿ ಬಂದರೆ ಸಾಮಾನ್ಯವಾಗಿ ವಶಕ್ಕೆ ತೆಗೆದುಕೊಂಡರು ಅಂತ ಅರ್ಥ. ಯಾವುದಕ್ಕೂ ಹಿಂದೆ ಮುಂದೆ ಓದಿ ನೋಡಿ. ಆಫೀಸಿಗೆ ಪತ್ರ ಬರೆಯುವಾಗ, ದಾಖಲೆ ತೆಗೆದುಕೊಂಡು ಹೋಗುವುದಕ್ಕೆ ‘ಕಲೆಕ್ಟ್’ ಅಂತಲೇ ಬರೆದುಬಿಡಿ.