ಮೂಸ್‌ನಿಂದ ಕಾಲ್ ಸೆಂಟರ್‌ವರೆಗೆ: ಅಮೆರಿಕನ್ನರನ್ನು ಜಗತ್ತು ಕಂಡ ಬಗೆ

1787ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನಲ್ಲಿದ್ದ ಅಮೆರಿಕದ ರಾಯಭಾರಿಯ ಹೆಸರಿಗೆ ಒಂದು ವಿಚಿತ್ರ ಪೆಟ್ಟಿಗೆ ಬಂತು. ಒಳಗಿದ್ದದ್ದು ಏಳು ಅಡಿ ಎತ್ತರದ ಒಂದು ಮೂಸ್‌ನ ಮೂಳೆ ಮತ್ತು ಚರ್ಮ. ಮೂಸ್ ಎಂದರೆ ಉತ್ತರದ ಹಿಮಕಾಡುಗಳ ಜಿಂಕೆ ಕುಲದ ಪ್ರಾಣಿ. ಅದರ ಪಕ್ಕದಲ್ಲಿ ನಿಂತರೆ ನಮ್ಮ ಕಡವೆಯೂ ಮರಿಯಂತೆ ಕಂಡೀತು. ಕಡಲು ದಾಟುವಷ್ಟರಲ್ಲಿ ಕೂದಲೆಲ್ಲ ಉದುರಿತ್ತು. ಕೊಂಬುಗಳಂತೂ ಆ ಪ್ರಾಣಿಯವೇ ಅಲ್ಲ. ಬೇಕಾದರೆ ಸಿಕ್ಕಿಸಿಕೊಳ್ಳಿ ಎಂದು ಕಳುಹಿಸಿದವರೇ ಬರೆದಿದ್ದರು. ರಾಯಭಾರಿ ಥಾಮಸ್ ಜೆಫರ್ಸನ್ ಅದನ್ನು ಫ್ರಾನ್ಸಿನ ಹೆಸರಾಂತ ಪ್ರಕೃತಿ ವಿಜ್ಞಾನಿ ಬುಫಾನ್‌ಗೆ ಕಳುಹಿಸಿದರು.

ಕಾರಣವಿತ್ತು. ಅಮೆರಿಕದ ಹವೆ ತಂಪು, ನೆಲ ತೇವ, ಆದ್ದರಿಂದ ಅಲ್ಲಿ ಜೀವಿಗಳು ಕುಗ್ಗುತ್ತವೆ. ಯುರೋಪಿನಿಂದ ಒಯ್ದ ದನ ಕುರಿಗಳೂ ಸಣ್ಣಗಾಗುತ್ತವೆ, ಮೂಲನಿವಾಸಿಗಳೂ ದುರ್ಬಲರು ಎಂದು ಬುಫಾನ್ ಬರೆದಿದ್ದರು. ಫ್ರೆಂಚ್ ಲೇಖಕ, ಪಾದ್ರಿ ರೇನಾಲ್‌ನಂಥವರು ಆ ಮಾತನ್ನು ಇನ್ನಷ್ಟು ಎಳೆದು ವಲಸೆ ಹೋದ ಬಿಳಿಯರಿಗೂ ಅಂಟಿಸಿದರು. ಜೆಫರ್ಸನ್‌ಗೂ ಮೊದಲು ಅಲ್ಲಿ ರಾಯಭಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಪ್ಯಾರಿಸ್ ಬಳಿಯ ತಮ್ಮ ಮನೆಯಲ್ಲಿ ಕೊಟ್ಟ ಔತಣವೊಂದರಲ್ಲಿ ರೇನಾಲ್ ಇದೇ ರಾಗ ತೆಗೆದರಂತೆ. ಮೇಜಿನ ಒಂದು ಕಡೆ ಅಮೆರಿಕನ್ನರು, ಇನ್ನೊಂದು ಕಡೆ ಫ್ರೆಂಚರು ಕುಳಿತಿದ್ದರು. ಎಲ್ಲರೂ ಒಮ್ಮೆ ಎದ್ದು ನಿಲ್ಲೋಣ, ಯಾರು ಕುಗ್ಗಿದ್ದಾರೋ ನೋಡೋಣ ಎಂದರು ಫ್ರಾಂಕ್ಲಿನ್. ಅಮೆರಿಕನ್ನರು ಎತ್ತರದ ಆಳುಗಳು. ಫ್ರೆಂಚರು ಗಿಡ್ಡರು, ಅವರಲ್ಲೂ ರೇನಾಲ್ ತೀರಾ ಕುಳ್ಳ. ಈ ಕಥೆಯನ್ನು ಹೇಳಿದವರು ಜೆಫರ್ಸನ್, ಆದ್ದರಿಂದ ಚೂರು ಉಪ್ಪು ಖಾರ ಸೇರಿರಲೂಬಹುದು.

ಬುಫಾನ್ ಅಮೆರಿಕಕ್ಕೆ ಕಾಲಿಟ್ಟವರಲ್ಲ. ಇಂದು ಅಮೆರಿಕನ್ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಇದಕ್ಕೆ ತೀರಾ ತದ್ವಿರುದ್ಧ: ದೊಡ್ಡ ದೇಹ, ದೊಡ್ಡ ದನಿ, ದೊಡ್ಡ ಕಾರು, ಬಕೆಟ್ಟಿನಷ್ಟು ದೊಡ್ಡ ಲೋಟ. ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಚಿತ್ರ ತಲೆಕೆಳಗಾದದ್ದು ಹೇಗೆ? ನನ್ನ ಉತ್ತರ ಸರಳ. ಪ್ರತಿ ಕಾಲದಲ್ಲೂ ಬೇರೆ ಬೇರೆ ಅಮೆರಿಕನ್ ಜನರ ಬಾಗಿಲಿಗೆ ಬಂದ. ಬಾಗಿಲು ತೆರೆದವರ ಹಸಿವು, ಅಸೂಯೆ, ಅಗತ್ಯಗಳೂ ಬೇರೆಯಾಗಿದ್ದವು.

ಹತ್ತೊಂಬತ್ತನೆಯ ಶತಮಾನದ ಬ್ರಿಟಿಷರನ್ನು ನೋಡಿ. ಸಾಲದಲ್ಲಿ ಮುಳುಗಿದ್ದ ಫ್ರಾನ್ಸಿಸ್ ಟ್ರೋಲೋಪ್ ಎಂಬ ಗೃಹಿಣಿ ಅದೃಷ್ಟ ಹುಡುಕಿಕೊಂಡು ಅಮೆರಿಕದ ಸಿನ್ಸಿನಾಟಿ ಊರಿಗೆ ಹೋದರು. ಅಲ್ಲಿ ತೆರೆದ ಭಾರೀ ಅಂಗಡಿ ಮುಳುಗಿತು. ಊರಿಗೆ ಮರಳಿ 1832ರಲ್ಲಿ ಅಮೆರಿಕನ್ನರ ನಡೆನುಡಿಯ ಬಗ್ಗೆ ಪುಸ್ತಕ ಬರೆದರು. ಅದು ಬಿಸಿ ದೋಸೆಯಂತೆ ಖರ್ಚಾಗಿ ಸಂಸಾರ ದಡ ಸೇರಿತು. ಬೀದಿಯಲ್ಲಿ ಅಲೆಯುವ ಹಂದಿಗಳು, ಮಾತಿಲ್ಲದೆ ಗಬಗಬನೆ ಮುಗಿಯುವ ಊಟ, ಎಲ್ಲೆಂದರಲ್ಲಿ ಹೊಗೆಸೊಪ್ಪಿನ ಉಗುಳು, ತನ್ನನ್ನು ಕೆಲಸದವಳೆಂದು ಕರೆಯಬೇಡಿ ಎನ್ನುವ ಮನೆಗೆಲಸದ ಹುಡುಗಿ ಎಲ್ಲ ಅದರಲ್ಲಿವೆ. ಹತ್ತು ವರ್ಷಗಳ ನಂತರ ಹೋದ ಚಾರ್ಲ್ಸ್ ಡಿಕನ್ಸ್ ಕೂಡ ಉಗುಳಿನ ವಿಷಯದಲ್ಲಿ ವಾಷಿಂಗ್ಟನ್ ನಗರವನ್ನು ರಾಜಧಾನಿಯೆಂದೇ ಒಪ್ಪಿಕೊಂಡರು. ಅವರಿಗೆ ಇನ್ನೊಂದು ಉರಿಯೂ ಇತ್ತು: ಅವರ ಕಾದಂಬರಿಗಳನ್ನು ಅಮೆರಿಕದ ಪ್ರಕಾಶಕರು ಕಾಸು ಕೊಡದೆ ಅಚ್ಚು ಹಾಕಿಕೊಳ್ಳುತ್ತಿದ್ದರು.

ಇದರಲ್ಲಿ ನನಗೆ ಸ್ವಾರಸ್ಯವೆನಿಸುವುದು ಅಮೆರಿಕನ್ನರು ನಡೆದುಕೊಂಡ ರೀತಿ. ಬೈಗುಳದ ಪುಸ್ತಕವನ್ನು ಅವರೇ ಕೊಂಡು ಓದಿದರು, ಸಿಟ್ಟಾದರು, ಆಮೇಲೆ ಬಳಸಿಕೊಂಡರು. ನಾಟಕಶಾಲೆಯಲ್ಲಿ ಯಾರಾದರೂ ಕಟಕಟೆಯ ಮೇಲೆ ಕಾಲು ಚಾಚಿದರೆ ಕೆಳಗಿನ ಜನ ‘ಟ್ರೋಲೋಪ್! ಟ್ರೋಲೋಪ್!’ ಎಂದು ಕೂಗುತ್ತಿದ್ದರಂತೆ. ಆಕೆ ಬರೆದದ್ದು ನಿಜವೇ ಆಗಿತ್ತು ಎಂದು ಮಾರ್ಕ್ ಟ್ವೇನ್ ಮುಂದೆ ತಮ್ಮ ಪುಸ್ತಕವೊಂದರ ಹಸ್ತಪ್ರತಿಯಲ್ಲಿ ಬರೆದರು. ಅಚ್ಚಾಗುವಾಗ ಆ ಭಾಗ ಬಿಟ್ಟುಹೋಯಿತು.

ಮೈಸೂರಿನ ಅರಮನೆಗೂ ಅಮೆರಿಕದ ಒಂದು ಚಿತ್ರ ತಲುಪಿತ್ತು. ಷಿಕಾಗೋ ಸಮ್ಮೇಳನದ ಮರುವರ್ಷ, 1894ರ ಜೂನ್‌ನಲ್ಲಿ, ವಿವೇಕಾನಂದರು ಚಾಮರಾಜೇಂದ್ರ ಒಡೆಯರಿಗೆ ಪತ್ರ ಬರೆದರು. ಇಲ್ಲಿ ಎಲ್ಲವೂ ಯಂತ್ರ, ಜಗತ್ತಿನ ಸಂಪತ್ತಿನ ಆರರಲ್ಲೊಂದು ಪಾಲು ಇವರ ಕೈಯಲ್ಲಿದೆ, ಕೂಲಿ ಬೇರೆಲ್ಲೂ ಇಲ್ಲದಷ್ಟು ಹೆಚ್ಚು, ಆದರೂ ಬಂಡವಾಳಕ್ಕೂ ದುಡಿಮೆಗೂ ನಿತ್ಯ ಜಗಳ, ಹೆಂಗಸರಿಗಂತೂ ಎಲ್ಲೂ ಕಾಣದಷ್ಟು ಸ್ವಾತಂತ್ರ್ಯ ಎಂಬುದು ಅದರ ಸಾರ. ಉಗುಳಿನ ಸುದ್ದಿಯೇ ಇಲ್ಲ. ಬಡತನದ ದೇಶದಿಂದ ಹೋದವರ ಕಣ್ಣಿಗೆ ಮೊದಲು ಬಿದ್ದದ್ದು ಕೂಲಿ ಮತ್ತು ಯಂತ್ರ. ಅದಕ್ಕೂ ಹಿಂದಿನ ವರ್ಷ ಚಿಕ್ಕಮಗಳೂರು ಮೂಲದ ಅಳಸಿಂಗ ಪೆರುಮಾಳರಿಗೆ ಬರೆದ ಪತ್ರದಲ್ಲಿ ಒಂದು ತಮಾಷೆಯಿದೆ: ತಮಗೆ ಆಶ್ರಯ ಕೊಟ್ಟ ವೃದ್ಧೆ ಗೆಳೆಯರನ್ನೆಲ್ಲ ಕರೆಸಿ ಇಂಡಿಯಾದ ಅಪೂರ್ವ ವಸ್ತುವೊಂದನ್ನು ತೋರಿಸುತ್ತಿದ್ದಾರೆ ಎಂದು. ಆ ವಸ್ತು ಸ್ವತಃ ಸ್ವಾಮೀಜಿ.

ಚಿತ್ರ ಸಗಟಾಗಿ ಬದಲಾದದ್ದು ಎರಡನೆಯ ಮಹಾಯುದ್ಧದಲ್ಲಿ. ಅಲ್ಲಿಯವರೆಗೆ ಅಮೆರಿಕನ್ ಎಂದರೆ ಪ್ರವಾಸಿ, ಇಲ್ಲವೇ ಪುಸ್ತಕದ ಪಾತ್ರ. 1942ರಿಂದ ಅವನು ಸಮವಸ್ತ್ರ ತೊಟ್ಟು ಬ್ರಿಟನ್ನಿನ ಹಳ್ಳಿಗಳಲ್ಲಿ ಬಂದಿಳಿದ. ಎರಡೇ ವರ್ಷಗಳಲ್ಲಿ ಅಂಥವರ ಸಂಖ್ಯೆ ಹದಿನೈದು ಲಕ್ಷ ದಾಟಿತು. ಸಂಬಳ ಜಾಸ್ತಿ, ಹೆಣ್ಣಿನ ಚಪಲ ಜಾಸ್ತಿ, ಸಾಲದ್ದಕ್ಕೆ ನಮ್ಮೂರಲ್ಲೇ ಠಿಕಾಣಿ ಎಂಬ ಅರ್ಥದ ಗೊಣಗಾಟ ಆಗಿನದು. ಅಮೆರಿಕದ ಸೇನೆಗೂ ಇದು ಗೊತ್ತಿತ್ತು. ಸೈನಿಕರ ಕೈಗೆ ಕೊಟ್ಟ ಕಿರುಪುಸ್ತಿಕೆಯಲ್ಲಿ ಬಡಾಯಿ ಕೊಚ್ಚಬೇಡಿ, ದುಡ್ಡಿನ ದರ್ಪ ತೋರಿಸಬೇಡಿ ಎಂಬ ಬುದ್ಧಿಮಾತುಗಳಿದ್ದವು. ಅವರಿಗೆ ಒಳ್ಳೆಯ ಕಾಫಿ ಮಾಡಲು ಬಾರದು, ನಿಮಗೆ ಒಳ್ಳೆಯ ಚಹಾ ಮಾಡಲು ಬಾರದು, ಅಲ್ಲಿಗೆ ಲೆಕ್ಕ ಚುಕ್ತಾ ಎಂಬ ಮಾತೂ ಇತ್ತು.

ಅದೇ ಸೇನೆಯಲ್ಲಿ ಇನ್ನೊಬ್ಬ ಅಮೆರಿಕನ್ ಇದ್ದ. ಕಪ್ಪು ಸೈನಿಕರನ್ನು ಅಮೆರಿಕದ ಸೇನೆ ಪ್ರತ್ಯೇಕ ತುಕಡಿಗಳಲ್ಲಿ ಇಟ್ಟಿತ್ತು. ಊರಿನ ಮದ್ಯದಂಗಡಿಗಳಲ್ಲೂ ಆ ಭೇದ ಇರಲಿ ಎಂದು ಅಧಿಕಾರಿಗಳು ಬಯಸಿದರು. ಲ್ಯಾಂಕಶೈರಿನ ಬ್ಯಾಂಬರ್ ಬ್ರಿಜ್ ಎಂಬ ಊರಿನ ಅಂಗಡಿಯವರು ‘ಕಪ್ಪು ಸೈನಿಕರಿಗೆ ಮಾತ್ರ’ ಎಂದು ಫಲಕ ಹಾಕಿದ್ದನ್ನು ಅಲ್ಲಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. 1943ರ ಜೂನ್‌ನಲ್ಲಿ ಅದೇ ಊರಿನಲ್ಲಿ ಅಮೆರಿಕದ ಮಿಲಿಟರಿ ಪೊಲೀಸರಿಗೂ ಕಪ್ಪು ಸೈನಿಕರಿಗೂ ಗುಂಡಿನ ಕಾಳಗ ನಡೆದು ಒಬ್ಬ ಸೈನಿಕ ಸತ್ತ. ಅಮೆರಿಕದ ಸೈನಿಕರಲ್ಲಿ ಸಭ್ಯರೆಂದರೆ ಕಪ್ಪು ಜನರೇ ಎಂಬುದು ಸಾಮಾನ್ಯ ಅಭಿಪ್ರಾಯ ಎಂದು ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಆ ವರ್ಷದ ಕೊನೆಯಲ್ಲಿ ಬರೆದರು. ಗದ್ದಲದ ಬಡಾಯಿ ಅಮೆರಿಕನ್ ಎಂಬ ಚಿತ್ರದೊಳಗೆ ಈ ಮನುಷ್ಯನಿಗೆ ಯಾವತ್ತೂ ಜಾಗ ಸಿಗಲಿಲ್ಲ.

ಯುದ್ಧ ಮುಗಿದ ಮೇಲೆ ಬಾಗಿಲು ಬಡಿದವನು ನೆರವಿನ ಅಧಿಕಾರಿ. 1958ರಲ್ಲಿ ಯೂಜೀನ್ ಬರ್ಡಿಕ್ ಮತ್ತು ವಿಲಿಯಂ ಲೆಡರರ್ ಬರೆದ ‘ದಿ ಅಗ್ಲಿ ಅಮೆರಿಕನ್’ ಕಾದಂಬರಿ ಇವನಿಗೆ ಹೆಸರು ಕೊಟ್ಟಿತು. ಹೆಸರು ಮಾತ್ರ ತಪ್ಪು ತಲೆಗೆ ಕಟ್ಟಿಕೊಂಡಿತು. ಅದರಲ್ಲಿ ನೆಲದ ಭಾಷೆ ತಿಳಿಯದೆ ಔತಣಕೂಟಗಳಲ್ಲಿ ಮುಳುಗಿರುವ ರಾಯಭಾರಿ ಇದ್ದಾನೆ, ನಿಜ. ಆದರೆ ಕುರೂಪಿ ಎಂದು ಕರೆಸಿಕೊಂಡವನು ಹೋಮರ್ ಅಟ್ಕಿನ್ಸ್ ಎಂಬ ಎಂಜಿನಿಯರ್. ಕೈಗೆ ಗ್ರೀಸ್ ಮೆತ್ತಿಕೊಂಡು ಹಳ್ಳಿಯವರ ಜೊತೆ ಸೇರಿ ಸೈಕಲ್ ತುಳಿದು ನೀರೆತ್ತುವ ಪಂಪು ಮಾಡುವವನು. ಹಳ್ಳಿಯ ಮುದುಕಿಯರ ಬೆನ್ನು ಬಾಗಿರುವುದು ಗಿಡ್ಡ ಪೊರಕೆಯಿಂದ ಎಂದು ಅವನ ಹೆಂಡತಿ ಗಮನಿಸಿ, ಉದ್ದ ಹಿಡಿಯ ಪೊರಕೆ ಕಟ್ಟಲು ತೋರಿಸಿಕೊಡುತ್ತಾಳೆ. (ನಮ್ಮ ಮನೆಗಳಲ್ಲಿ ಪೊರಕೆ ಇನ್ನೂ ಗಿಡ್ಡವೇ.) ಪುಸ್ತಕ ಓದದವರೆಲ್ಲ ಸೇರಿ ಆ ಒಳ್ಳೆಯವನ ಬಿರುದನ್ನು ರಾಯಭಾರಿಗೆ ತೊಡಿಸಿದರು, ಇಂದು ಅದು ಒರಟು ಪ್ರವಾಸಿಯ ಹೆಸರು. ಸೆನೆಟರ್ ಜಾನ್ ಕೆನಡಿ ಮತ್ತು ಕೆಲವರು ಸೇರಿ ಸೆನೆಟ್ಟಿನ ಎಲ್ಲ ಸದಸ್ಯರಿಗೂ ಪುಸ್ತಕದ ಪ್ರತಿ ಹಂಚಿದ್ದರು. 1961ರಲ್ಲಿ ಅಧ್ಯಕ್ಷರಾದ ಕೆನಡಿ ಪೀಸ್ ಕೋರ್ ಕಟ್ಟಿ ತರುಣರನ್ನು ಬಡ ದೇಶಗಳ ಹಳ್ಳಿಗಳಿಗೆ ಕಳುಹಿಸಿದ್ದರಲ್ಲಿ ಈ ಓದಿನ ನೆರಳೂ ಇತ್ತು.

ಕರ್ನಾಟಕದ ಬಹುಪಾಲು ಮನೆಗಳಿಗೆ ಆ ಕಾಲದ ಅಮೆರಿಕ ಬಂದದ್ದು ಚೀಲದ ರೂಪದಲ್ಲಿ. ಬೇರೆ ದೇಶಗಳಿಗೆ ಆಹಾರ ನೆರವು ಕೊಡುವ ಅಮೆರಿಕದ ಪಿಎಲ್–480 ಕಾನೂನಿನಡಿ ಗೋಧಿ ಬಂತು, ಕೆಂಪು ಜೋಳ ಬಂತು. ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಮೂಲಕ ಶಾಲೆಗಳಿಗೆ ಉಪ್ಪಿಟ್ಟಿನ ರವೆ, ಹಾಲಿನ ಪುಡಿ ಬಂದವು. ಚೀಲಗಳ ಮೇಲೆ ಹಸ್ತಲಾಘವದ ಚಿತ್ರ, ಅಮೆರಿಕದ ಜನರ ಕೊಡುಗೆ ಎಂಬ ಸಾಲು. ಆ ಉಪ್ಪಿಟ್ಟಿನ ಘಮವನ್ನು ಇಂದಿಗೂ ಹೊಗಳುವ ಹಿರಿಯರು ಎಷ್ಟೋ ಮಂದಿ. ಆದರೆ ಅದೇ ಕೈಯನ್ನು ದೆಹಲಿ ಬೇರೆ ರೀತಿ ಕಂಡಿತ್ತು. ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸುತ್ತಿದ್ದ 1965–67ರ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಅಳೆದು ಬಿಟ್ಟರು. ಹೊಲಗಳಲ್ಲಿ ಹಬ್ಬಿದ ಕಾಂಗ್ರೆಸ್ ಕಳೆಯೂ ಆ ಗೋಧಿಯ ಜೊತೆಗೇ ಬಂತು ಎಂಬ ಮಾತು ನಮ್ಮ ರೈತರಲ್ಲಿ ಬೇರೂರಿದೆ. ದಾನಿ, ಜಿಪುಣ, ಕಳೆ ತಂದವ: ಮೂರೂ ಒಂದೇ ಹಡಗಿನಿಂದ ಇಳಿದ ಚಿತ್ರಗಳು.

ಇಂಥ ಚಿತ್ರಗಳಲ್ಲಿ ನಿಜವೆಷ್ಟು ಎಂದು ಅಳೆಯಲು ಹೊರಟವರೂ ಇದ್ದಾರೆ. 1933ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ನೂರು ವಿದ್ಯಾರ್ಥಿಗಳ ಕೈಗೆ ಗುಣವಾಚಕಗಳ ಪಟ್ಟಿ ಕೊಟ್ಟು ಒಂದೊಂದು ಜನಾಂಗಕ್ಕೂ ಒಪ್ಪುವುದನ್ನು ಆರಿಸಿ ಎಂದಾಗ, ಅವರು ಅಮೆರಿಕನ್ನರಿಗೆ, ಅಂದರೆ ತಮಗೇ, ಕಷ್ಟಜೀವಿ, ಬುದ್ಧಿವಂತ ಎಂಬವನ್ನು ಕೊಟ್ಟುಕೊಂಡರು. ಹಣದಾಸೆಯೂ ಪಟ್ಟಿಯಲ್ಲಿ ಮೇಲೇ ಇತ್ತು. 2005ರಲ್ಲಿ 49 ಸಂಸ್ಕೃತಿಗಳಲ್ಲಿ ನಡೆಸಿದ ಅಧ್ಯಯನವೊಂದು, ಜನ ತಮ್ಮ ದೇಶದವರ ಸ್ವಭಾವವೆಂದು ನಂಬಿರುವುದಕ್ಕೂ ಆ ದೇಶದವರ ಸ್ವಭಾವವನ್ನು ಒಬ್ಬೊಬ್ಬರಾಗಿ ಅಳೆದರೆ ಸಿಗುವ ಸರಾಸರಿಗೂ ಸಂಬಂಧವೇ ಇಲ್ಲ ಎಂದಿತು. ಅಮೆರಿಕನ್ನರು ತಮ್ಮನ್ನು ಮುನ್ನುಗ್ಗುವವರೆಂದೂ ಕೆನಡಾದವರು ತಮ್ಮನ್ನು ತಗ್ಗಿ ನಡೆಯುವವರೆಂದೂ ನಂಬಿದ್ದಾರೆ. ಅಳತೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಅಮೆರಿಕನ್ ಫೋನಿನ ದನಿಯಾಗಿದ್ದ. ಕಾಲ್ ಸೆಂಟರ್ ಹುಡುಗ ಹುಡುಗಿಯರು ರಾತ್ರಿ ಪಾಳಿಯಲ್ಲಿ ಬೇರೆ ಹೆಸರಿಟ್ಟುಕೊಂಡು ಕೇಳುತ್ತಿದ್ದದ್ದು ಕೆಟ್ಟ ಪ್ರಿಂಟರ್, ತಪ್ಪು ಬಿಲ್ಲು, ಸಿಟ್ಟಿಗೆದ್ದ ಗ್ರಾಹಕ. ಶಾಂತವಾಗಿರುವ ಅಮೆರಿಕನ್ ಅಲ್ಲಿಗೆ ಫೋನ್ ಮಾಡುವುದೇ ಇಲ್ಲವಲ್ಲ! ಮೂವತ್ತೈದರ ಅಮೆರಿಕನ್ನನ ಬುದ್ಧಿ ಹತ್ತರ ಭಾರತೀಯ ಹುಡುಗನದಕ್ಕೆ ಸಮ ಎಂಬ ಸೂತ್ರವನ್ನು ಕಾಲ್ ಸೆಂಟರ್ ತರಬೇತಿಯಲ್ಲಿ ಕಲಿಸುವ ಪ್ರಸಂಗ ಚೇತನ್ ಭಗತ್ ಅವರ 2005ರ ಕಾಲ್ ಸೆಂಟರ್ ಕಾದಂಬರಿಯಲ್ಲಿದೆ. ಬುಫಾನ್ ಇದ್ದಿದ್ದರೆ ಖುಷಿಪಡುತ್ತಿದ್ದರೇನೋ. ಅದೇ 2005ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಹದಿನಾರು ದೇಶಗಳಲ್ಲಿ ಸಮೀಕ್ಷೆ ನಡೆಸಿ, ಒಳ್ಳೆಯ ಬದುಕಿಗಾಗಿ ಯುವಕನೊಬ್ಬ ಯಾವ ದೇಶಕ್ಕೆ ಹೋಗಬೇಕು ಎಂದೂ ಕೇಳಿತ್ತು. ಅಮೆರಿಕವನ್ನು ಮೊದಲ ಸ್ಥಾನದಲ್ಲಿಟ್ಟ ದೇಶ ಭಾರತ ಒಂದೇ. ಆಗ ಬೆಂಗಳೂರಿನವರು ವೀಸಾ ಸಂದರ್ಶನಕ್ಕೆ ಚೆನ್ನೈ ರೈಲು ಹತ್ತಬೇಕಿತ್ತು. ಬೆಂಗಳೂರಿಗೇ ಅಮೆರಿಕದ ಕಾನ್ಸುಲೇಟ್ ಬಂದದ್ದು 2025ರ ಜನವರಿಯಲ್ಲಿ. ಉದ್ಘಾಟನೆಯ ದಿನವೇ ಎಲ್ಲರೂ ಕೇಳಿದ ಪ್ರಶ್ನೆ, ಇಲ್ಲಿ ವೀಸಾ ಕೊಡುವುದು ಯಾವಾಗಿನಿಂದ ಎಂಬುದು.