ಎಳ್ಳು ಹಿರಿಯರೇ ಬೀರಲಿ

ಡಿಸೆಂಬರ್ ಮೂರನೇ ವಾರ ಬಂತೆಂದರೆ ಬೆಂಗಳೂರು, ಮೈಸೂರು ಕಡೆಯ ಹಿರಿಯರ ವಸತಿ ಸಮುಚ್ಚಯಗಳಲ್ಲಿ ಹಬ್ಬದ ಪಟ್ಟಿ ಸಿದ್ಧವಾಗುತ್ತದೆ. ಕ್ರಿಸ್‌ಮಸ್‌ಗೆ ಕೇಕು, ವೈಕುಂಠ ಏಕಾದಶಿಗೆ ದೇವಸ್ಥಾನಕ್ಕೆ ವ್ಯಾನು, ಹೊಸ ವರ್ಷಕ್ಕೆ ಆರ್ಕೆಸ್ಟ್ರಾ, ಸಂಕ್ರಾಂತಿಗೆ ಅಂಗಡಿಯ ಎಳ್ಳು-ಬೆಲ್ಲದ ಪೊಟ್ಟಣ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಇಷ್ಟರಲ್ಲಿ ಹಿರಿಯರ ಪಾಲಿಗೆ ಬರುವ ಕೆಲಸ ಕೂತು ಚಪ್ಪಾಳೆ ತಟ್ಟುವುದೊಂದೇ. "ಇಷ್ಟು ವರ್ಷ ದುಡಿದಿದ್ದಾರೆ, ಈಗಲಾದ್ರೂ ಆರಾಮಾಗಿರಲಿ, ಅವರಿಗ್ಯಾಕೆ ತೊಂದ್ರೆ" ಅನ್ನುತ್ತಾರೆ ಮಕ್ಕಳು. ವ್ಯವಸ್ಥಾಪಕರೂ ಹೂಂಗುಟ್ಟುತ್ತಾರೆ. 50 ವರ್ಷ ಬೀದಿ ತುಂಬ ಎಳ್ಳು ಬೀರಿದ ಹೆಂಗಸಿನ ಕೈಗೆ ಪೊಟ್ಟಣ ಇಟ್ಟು ಫೋಟೊ ತೆಗೆಯುತ್ತಾರೆ. ತಿರುಗಿ ಕೊಡಲು ಆಕೆಯ ಹತ್ತಿರ ಏನೂ ಇರುವುದಿಲ್ಲ.

ದಯವಿಟ್ಟು ಈ ಸಲ ಪೊಟ್ಟಣ ಕೊಳ್ಳಬೇಡಿ, ಸಾಮಾನು ಕೊಳ್ಳಿ. ಬಿಳಿ ಎಳ್ಳು ಅರ್ಧ ಕಿಲೊ, ಹುರಿಗಡಲೆ ಅರ್ಧ ಕಿಲೊ, ಕಡ್ಲೆಕಾಯಿ ಬೀಜ, ಕೊಬ್ಬರಿ, ಬೆಲ್ಲ ಒಂದೊಂದು ಕಿಲೊ. ಒಟ್ಟು 4 ಕಿಲೊ. 50 ಗ್ರಾಮಿನಂತೆ 80 ಪೊಟ್ಟಣ. 40 ಜನರಿರುವ ಕಡೆ ತಲೆಗೆ ಎರಡು ಬರುತ್ತವೆ, ಎರಡೂ ಬೀರುವುದಕ್ಕೆ. ಕೊಬ್ಬರಿಯ ಹಿಂಬದಿಯ ಕಂದು ಸಿಪ್ಪೆ ಹೆರೆದಾಗ ತೂಕ ಇಳಿಯುತ್ತದೆ, ಕಾಲು ಕಿಲೊ ಹೆಚ್ಚಿಗೆ ತನ್ನಿ.

ಹಬ್ಬ ಜನವರಿ 14 ಅಥವಾ 15ಕ್ಕೆ. ಕೊಬ್ಬರಿ ಕೆಲಸ ಒಂದು ವಾರ ಮೊದಲೇ ಶುರುವಾಗಲಿ. ಸಣ್ಣಗೆ ಹೆಚ್ಚಿದ ಚೂರು ಎರಡು ಮೂರು ದಿನ ಬಿಸಿಲು ಕಾಣಬೇಕು, ಇಲ್ಲದಿದ್ದರೆ ಡಬ್ಬಿಯಲ್ಲಿ ಬೂಸ್ಟು ಹಿಡಿದು ಕಮಟು ವಾಸನೆ ಬರುತ್ತದೆ. ತಾರಸಿ ಮೆಟ್ಟಿಲು ಬೇಡ, ಬಾಲ್ಕನಿಯಲ್ಲಿ ತೆಳು ಪಂಚೆ ಮುಚ್ಚಿ ಒಣಗಿಸಿದರೆ ಸಾಕು. ಬೆಲ್ಲದ ಚೂರನ್ನೂ ಹಾಗೆಯೇ ಒಣಗಿಸಿ. ಹುರಿದದ್ದೆಲ್ಲ ಪೂರ್ತಿ ತಣ್ಣಗಾದ ಮೇಲೇ ಬೆಲ್ಲ ಬೆರೆಸಿ. ಬಿಸಿಗೆ ಬಿದ್ದ ಬೆಲ್ಲ ಬೆವರುತ್ತದೆ, ಮಾರನೆಯ ದಿನ ಎಲ್ಲ ಒಂದೇ ಉಂಡೆ. ಸಕ್ಕರೆ ಅಚ್ಚು ಮಾತ್ರ ಅಂಗಡಿಯಿಂದಲೇ ಬರಲಿ, ನಡುಗುವ ಕೈ ಹತ್ತಿರ ಕುದಿಯುವ ಪಾಕ ಬೇಡ.

"ಅಮ್ಮನ ಕೈಲಿ ಆಗಲ್ಲ" ಎಂದು ಹೇಳುವವರು ಇಡೀ ಎಳ್ಳು-ಬೆಲ್ಲವನ್ನು ಒಂದೇ ಕೆಲಸ ಅಂದುಕೊಂಡಿರುತ್ತಾರೆ. ಬಿಡಿಸಿ ನೋಡಿದರೆ ಅದರಲ್ಲಿ ಹತ್ತಾರು ಕೆಲಸಗಳಿವೆ: ಎಳ್ಳಿನಲ್ಲಿ ಕಲ್ಲು ಆರಿಸುವುದು, ಹುರಿದ ಬೀಜದ ಸಿಪ್ಪೆ ಉಜ್ಜುವುದು, ಬೇಳೆ ಮಾಡುವುದು, ಮೊರದಲ್ಲಿ ಕೇರುವುದು, ಕೊಬ್ಬರಿ ಹೆಚ್ಚುವುದು, ತೂಗುವುದು, ತುಂಬುವುದು, ಹೆಸರು ಬರೆಯುವುದು, ಬೀರುವುದು. ಯಾವ ಕೈಗೆ ಯಾವುದು ಎಂದು ಮೊದಲೇ ಹೊಂದಿಸಿಡುವುದಷ್ಟೇ ನಮ್ಮ ಕೆಲಸ.

ಪಾರ್ಶ್ವವಾಯುವಾಗಿ ಒಂದೇ ಕೈ ಆಡುವವರಿಗೆ ಆರಿಸುವ ಕೆಲಸ ಸರಿಯಾಗುತ್ತದೆ. ತಟ್ಟೆ ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಕಿ. ಬಿಳಿ ಎಳ್ಳನ್ನು ಸ್ಟೀಲ್ ತಟ್ಟೆಯಲ್ಲಿಟ್ಟರೆ ಪೊರೆ ಬಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಆಗ ಅವರು ಕೈ ಚೆಲ್ಲಿ ಕೂತುಬಿಡುತ್ತಾರೆ, ಸಿಬ್ಬಂದಿ "ಆಸಕ್ತಿ ಇಲ್ಲ" ಎಂದು ಬರೆದುಕೊಳ್ಳುತ್ತಾರೆ. ಅದೇ ಎಳ್ಳನ್ನು ಕಡುನೀಲಿ ತಟ್ಟೆಗೆ ಸುರಿದು, ಬೆಳಕು ಪಕ್ಕದಿಂದ ಬೀಳುವ ಹಾಗೆ ಕೂರಿಸಿ ನೋಡಿ. ಕೈ ನಡುಗುವವರಿಗೆ ಅಂಚು ಎತ್ತರದ ತಟ್ಟೆ, ಸಿಪ್ಪೆ ಉಜ್ಜಲು ದಪ್ಪ ಟವೆಲ್. ಪಾರ್ಕಿನ್ಸನ್ ಇದ್ದವರನ್ನು ಮಾತ್ರೆ ಹಿಡಿದು ಕೈಕಾಲು ಸಡಿಲವಾಗುವ ಹೊತ್ತಿಗೇ ಕರೆಯಿರಿ. ದಮ್ಮು ಇರುವವರು ಕೇರುವ ಜಾಗದಿಂದ ದೂರವಿರಲಿ. ಅಡಕೊತ್ತು ಜೀವನವಿಡೀ ಬಳಸಿದವರ ಕೈಗೆ ಮಾತ್ರ, ಪಕ್ಕದಲ್ಲಿ ಒಬ್ಬರು ಇರಲೇಬೇಕು. ಈಳಿಗೆಮಣೆ ಬೇಡವೇ ಬೇಡ, ನೆಲದಿಂದ ಏಳುವಾಗಲೇ ಬೀಳುವುದು.

ಒಂದು ಮೇಜಿಗೆ ಆರು ಜನ, ಕೈಯಿರುವ ಕುರ್ಚಿ, ಪಾದ ನೆಲಕ್ಕೆ ತಾಗಿರಬೇಕು. ಬೆಳಗ್ಗೆ ತಿಂಡಿ-ಮಾತ್ರೆ ಮುಗಿದು 10 ಗಂಟೆಗೆ ಕೂತರೆ ಮುಕ್ಕಾಲು ಗಂಟೆ ಸಾಕು. ಮೈಕು, ಸಿನಿಮಾ ಹಾಡು ಹಾಕಬೇಡಿ. ಶ್ರವಣ ಯಂತ್ರದವರಿಗೆ ಆ ಗದ್ದಲದಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ, ಹರಟೆ ನಿಂತರೆ ಕೈಯೂ ನಿಲ್ಲುತ್ತದೆ.

ಮರೆವಿನ ಕಾಯಿಲೆಯವರನ್ನು "ಇವತ್ತು ಯಾವ ಹಬ್ಬ ಹೇಳಿ ನೋಡೋಣ" ಎಂದು ದಯವಿಟ್ಟು ಪರೀಕ್ಷೆ ಮಾಡಬೇಡಿ. ಉಗುರು ಬೆಚ್ಚಗಿನ ಕಡ್ಲೆಬೀಜವನ್ನು ಟವೆಲ್ ಮೇಲೆ ಹರಡಿ, ಎದುರಿಗೆ ಕೂತು ನೀವು ಸುಮ್ಮನೆ ಉಜ್ಜಲು ಶುರುಮಾಡಿ. ಎಷ್ಟೋ ಸಲ ಅವರ ಅಂಗೈ ತಾನಾಗಿ ಟವೆಲ್ ಮೇಲೆ ಇಳಿಯುತ್ತದೆ, ಆಮೇಲೆ ನಿಮ್ಮ ಉಜ್ಜುವಿಕೆಯನ್ನೇ ಅವರು ತಿದ್ದುತ್ತಾರೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿದ್ದವರಿಗೆ ಮಾತ್ರ ಕಾಳು ಬೇಡ, ಬಟ್ಟೆ ಚೀಲಕ್ಕೆ ದಾರ ಪೋಣಿಸಲು ಕೊಡಿ.

ಗಂಡಸರು "ಇದೆಲ್ಲ ಹೆಂಗಸರ ಕೆಲಸ ಕಣಮ್ಮ" ಎಂದು ಪೇಪರ್ ಹಿಡಿದು ಕೂರುತ್ತಾರೆ. ತಕ್ಕಡಿ ಮತ್ತು ಲೆಕ್ಕದ ಪುಸ್ತಕ ಮುಂದಿಟ್ಟು, "ಸಾರ್, 80 ಪೊಟ್ಟಣಕ್ಕೆ ತೂಕ ಸರಿ ಬರ್ತಾ ಇಲ್ಲ, ಸ್ವಲ್ಪ ನೋಡಿ" ಅನ್ನಿ. ಬ್ಯಾಂಕು, ಖಜಾನೆಗಳಲ್ಲಿ ದುಡಿದವರು 5 ಗ್ರಾಮಿನ ವ್ಯತ್ಯಾಸವನ್ನೂ ಬಿಡುವುದಿಲ್ಲ.

ಅವರೆಕಾಯಿ ಕಾಲವೂ ಇದೇ. ಕಾಯಿ ಸುಲಿಯುವುದು ಸುಲಭ. ರಾತ್ರಿ ನೆನೆಸಿದ ಕಾಳು ಹಿತುಕುವುದು ಹೆಬ್ಬೆರಳ ಬುಡದ ಕೀಲಿಗೆ ಕಷ್ಟ, ಸಂಧಿವಾತದವರು 20 ನಿಮಿಷಕ್ಕೆ ನಿಲ್ಲಿಸಲಿ. ಬೆರಳಿಗೆ ಅಂಟಿದ ಸೊಗಡನ್ನು ಕೂಡಲೇ ಸೋಪು ಹಾಕಿ ತೊಳೆಸಬೇಡಿ, ಮಾತು ಶುರುವಾಗುವುದು ಅಲ್ಲಿಂದಲೇ.

ಇನ್ನು ಬೀರುವ ವಿಷಯ. ಅರಿಶಿನ-ಕುಂಕುಮ, ಬಾಗಿನ ಎಂದು ಕಾರ್ಯಕ್ರಮ ಇಡುವವರು ತಮ್ಮಲ್ಲಿ ಎಷ್ಟು ಹೆಂಗಸರು ಗಂಡನನ್ನು ಕಳೆದುಕೊಂಡಿದ್ದಾರೆ ಎಂದು ಒಮ್ಮೆ ಎಣಿಸಲಿ. ಇಂಥ ಕಡೆಗಳಲ್ಲಿ ಅವರೇ ಹೆಚ್ಚು. ಅವರು ಕರೆಯುವ ಮೊದಲೇ ಹಿಂದಿನ ಸಾಲಿಗೆ ಸರಿದು ಕೂರುತ್ತಾರೆ, ನೋಡಲಾಗುವುದಿಲ್ಲ. ಎಳ್ಳು ಎಲ್ಲರೂ ಬೀರುತ್ತಾರೆ ಎಂದು ಮೊದಲ ದಿನವೇ ಹೇಳಿಬಿಡಿ. ಹೆಂಗಸರು, ಗಂಡಸರು, ಗಾಲಿಕುರ್ಚಿಯವರು, ಎಲ್ಲರೂ. ಯಾರಿಗೆ ಕೊಡಬೇಕೆಂಬ ಪಟ್ಟಿಯನ್ನೂ ಅವರೇ ಬರೆಯಲಿ: ಗೇಟಿನ ಕಾವಲುಗಾರ, ನರ್ಸು, ಅಡುಗೆಯವರು, ಎದುರು ಮನೆಯ ಮಗು.

ಮಕ್ಕಳು ಆ ದಿನ ಸ್ವೀಟ್ ಬಾಕ್ಸ್ ಹೊತ್ತು ಬರಬೇಡಿ, ಖಾಲಿ ಡಬ್ಬಿ ತನ್ನಿ. ಸಂಜೆ 7ಕ್ಕೆ ಬಂದರೆ ಅಪ್ಪ ಅಮ್ಮ ದಣಿದಿರುತ್ತಾರೆ, 11 ಗಂಟೆಗೆ ಬನ್ನಿ. ಅವರು ಕೊಟ್ಟದ್ದನ್ನು ಎದುರಿಗೇ ಒಂದು ಚಿಟಿಕೆ ತಿನ್ನಿ.

ಅವರು ಎಷ್ಟು ತಿನ್ನಬಹುದು ಎಂಬುದು ಬೇರೆ ಪ್ರಶ್ನೆ, ಅದನ್ನು ಅವರವರ ವೈದ್ಯರೇ ಹೇಳಬೇಕು. "ಬೆಲ್ಲ ತಾನೆ, ಶುಗರ್‌ಗೆ ಏನಾಗಲ್ಲ" ಎಂಬ ಮಾತು ಸುಳ್ಳು, ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ. ಕಿಡ್ನಿ ತೊಂದರೆ ಇದ್ದವರು ಕಡ್ಲೆಬೀಜ, ಕೊಬ್ಬರಿಯ ಬಗ್ಗೆ ಕೇಳಿಯೇ ತಿನ್ನಲಿ. ಹಲ್ಲಿನ ಸೆಟ್ ಇದ್ದವರಿಗೆ ಕಬ್ಬು ಬೇಡ. ನುಂಗಲು ಕಷ್ಟಪಡುವವರಿಗೆ ಎಳ್ಳು-ಬೆಲ್ಲ ಪುಡಿ ಮಾಡಿ ಕೊಟ್ಟರಾಯಿತು ಎಂದು ಅನೇಕರು ತಿಳಿದಿದ್ದಾರೆ. ಒಣ ಪುಡಿ ಇನ್ನೂ ಅಪಾಯ, ಶ್ವಾಸನಾಳಕ್ಕೆ ಹೋಗಿ ಕೆಮ್ಮು ಬರಿಸಬಹುದು. ಅಂಥವರಿಗೆ ಚಿಕಿತ್ಸಕರು ಹೇಳಿದ ಹದಕ್ಕೆ ನುಣ್ಣಗೆ ಮಸೆದ ಸಿಹಿ ಹುಗ್ಗಿ, ಬೆನ್ನು ನೆಟ್ಟಗಿಟ್ಟು ಕೂರಿಸಿ, ಸಣ್ಣ ಚಮಚದಲ್ಲಿ ಕೊಡಿ.